ಹೆಜ್ಜೆಯ ಋಣ

ಕಾರವಾರದಿಂದ ಅಂಕೋಲೆಯನ್ನು ದಾಟಿ ತೆಂಕಣಕ್ಕೆ ಸಾಗಿದರೆ ಹೊನ್ನಾವರ ಸೀಮೆಯ ಗುಣವಂತೆ. ಅಲ್ಲಿ ಚಂಡೆ ಮದ್ದಳೆಗೆ ಕುಣಿಯಲು ಕಲಿತ ಬಾಲಕನಿಗೂ ಬ್ಯಾಲೆಯ ಮಾಸ್ಕೋ ನಗರಕ್ಕೂ ಏನು ನಂಟೆಂದು ವಾಚಕರು ಕೇಳಬಹುದು. ನಂಟುಂಟು.

ಬೆಂಗಳೂರಿನ ಕಥಕ್ ನರ್ತಕಿ ಮಾಯಾ ರಾವ್, ಹೆಸರು ಗಳಿಸಿದ ಮೇಲೆಯೂ 1960ರಲ್ಲಿ ಮಾಸ್ಕೋಗೆ ತೆರಳಿ, ನೃತ್ಯಸಂಯೋಜನೆಗಾಗಿ ಮತ್ತೆ ವಿದ್ಯಾರ್ಥಿನಿಯಾದರು. 1964ರಲ್ಲಿ ದೆಹಲಿಯಲ್ಲಿ ಬೋಧನೆಗೆ ನಿಂತರು. ತನಗೆ ಸಲ್ಲಬೇಕಾದ ಕರತಾಡನವನ್ನು ಶಿಷ್ಯರಿಗೆ ಬಿಟ್ಟುಕೊಡುವುದು ಕಲಾವಿದರಿಗೆ ಸುಲಭವಲ್ಲ.

ಅವರಲ್ಲಿ ಕಲಿತ ಕೆರೆಮನೆ ಶಂಭು ಹೆಗಡೆಯವರು 1986ರಲ್ಲಿ ಗುಣವಂತೆಯಲ್ಲಿ ಯಕ್ಷಗಾನ ಕಲಾಕೇಂದ್ರವನ್ನು ತೆರೆದರು. ಗುರುವಾದರೂ ಗೆಜ್ಜೆ ಬಿಚ್ಚಲಿಲ್ಲ. 2009ರಲ್ಲಿ ಇಡಗುಂಜಿಯಲ್ಲಿ ವೇಷಧಾರಿಯಾಗಿದ್ದಾಗಲೇ ಅಸ್ವಸ್ಥರಾಗಿ ತೀರಿಕೊಂಡರು. 2014ರಲ್ಲಿ ಮಾಯಾ ರಾವ್ ಅವರೂ ಅಗಲಿದರು.

ಕುಣಿದ ಪಾದಗಳು ಇಂದಿಲ್ಲ. ಆದರೆ ಕಲಿಸಿದ ಹೆಜ್ಜೆ ಕಲಿಸಿದವರೊಡನೆ ಮುಗಿಯುವುದಿಲ್ಲ. ಕಲಿತವನ ಕಾಲಿನಲ್ಲಿ ಅದು ಮುಂದೆ ನಡೆಯುತ್ತದೆ.