ಬೆಳೆ ಬದಲಿಸುವಾಗ ಕುಟುಂಬ ನೋಡಿ

ಸಸ್ಯಗಳ ವರ್ಗೀಕರಣವೆಂಬುದು ಕಾಲೇಜಿನ ಪಾಠ, ಅದರಿಂದ ಹೊಲಕ್ಕೇನು ಲಾಭ ಎಂದು ತಾವು ಕೇಳಬಹುದು. ಅದರ ಅಗತ್ಯ ಹೊಲದಲ್ಲಿಯೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಮಾರುಕಟ್ಟೆಯು ಬೆಳೆಗಳನ್ನು ಧಾನ್ಯ, ಬೇಳೆಕಾಳು, ಎಣ್ಣೆಕಾಳು, ತರಕಾರಿ ಎಂದು ಉಪಯೋಗಕ್ಕೆ ತಕ್ಕಂತೆ ವಿಂಗಡಿಸುತ್ತದೆ. ಸಸ್ಯಶಾಸ್ತ್ರವಾದರೋ ಹೂವು, ಕಾಯಿ, ಬೀಜಗಳ ರಚನೆಯನ್ನು ನೋಡಿ ನೆಂಟಸ್ತಿಕೆಯನ್ನು ಗುರುತಿಸುತ್ತದೆ. ಹಾವಸೆ, ಜರೀಗಿಡ, ಪೈನ್ ಮರಗಳು ಹೂ ಬಿಡವು. ಹೂ ಬಿಡುವ ಸಸ್ಯಗಳಲ್ಲಿ ಒಂದೇ ಬೀಜದಳವಿರುವ ರಾಗಿ, ಜೋಳ, ಭತ್ತ ಏಕದಳಗಳು. ಎರಡಿರುವ ತೊಗರಿ, ಹತ್ತಿ, ಬದನೆ ದ್ವಿದಳಗಳು. ಇವುಗಳೊಳಗೆ ಮತ್ತೆ ಹಲವು ಕುಟುಂಬಗಳಿವೆ.

ರಾಗಿಯಲ್ಲಿ 2,4-ಡಿ ಸಿಂಪಡಿಸಿದರೆ ಅಗಲ ಎಲೆಯ ಕಳೆಗಳು ಸಾಯುತ್ತವೆ, ಕಾಡುರಾಗಿ ಉಳಿಯುತ್ತದೆ. ಔಷಧಿ ಕಳಪೆಯೆಂದು ದೂರಬೇಡಿ. ಕಾಡುರಾಗಿಯು ರಾಗಿಯ ದಾಯಾದಿ. ರಾಗಿಯನ್ನು ಉಳಿಸುವ ಔಷಧಿ ಅದನ್ನೂ ಉಳಿಸುತ್ತದೆ.

ಟೊಮೆಟೊ ಕಿತ್ತು ಬದನೆ, ಬದನೆ ಕಿತ್ತು ಆಲೂಗಡ್ಡೆ ಹಾಕಿ, ಬೆಳೆ ಬದಲಿಸಿದೆವೆಂದು ಹಲವರು ನೆಮ್ಮದಿಯಿಂದಿರುತ್ತಾರೆ. ಬೆಳೆಯ ಹೆಸರು ಬದಲಾಯಿತೇ ಹೊರತು ಕುಟುಂಬ ಬದಲಾಗಲಿಲ್ಲ. ಮೆಣಸಿನಕಾಯಿ, ಬದುವಿನ ಗಣಿಕೆ ಗಿಡ ಸಹ ಅದೇ ಮನೆಯವು. ಮಣ್ಣಿನಲ್ಲಿ ಉಳಿಯುವ ದುಂಡಾಣು ಸೊರಗು ರೋಗಕ್ಕೆ ಇದರಿಂದ ಆಹಾರ ತಪ್ಪುವುದೇ ಇಲ್ಲ. ಎಲೆ ಹಸಿರಿರುವಾಗಲೇ ಬಾಡಿದ ಗಿಡದ ಕಾಂಡವನ್ನು ಕತ್ತರಿಸಿ, ಗಾಜಿನ ಲೋಟದ ನೀರಿನಲ್ಲಿ ತುದಿ ಅದ್ದಿ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಎಳೆ ಇಳಿದರೆ ಅದೇ ರೋಗವೆಂದು ತಿಳಿಯಿರಿ. ಅಂಥ ಹೊಲದಲ್ಲಿ ಮುಂದೆ ಹುಲ್ಲಿನ ಕುಟುಂಬದ ರಾಗಿ ಅಥವಾ ಮುಸುಕಿನ ಜೋಳ ಬೆಳೆಯುವುದು ಲೇಸು. ಒಂದೇ ಬೆಡಗಿನಲ್ಲಿ ಹೆಣ್ಣು ತಾರದ ನಾವು, ಒಂದೇ ಕುಟುಂಬದ ಬೆಳೆಗಳನ್ನು ಒಂದರ ಹಿಂದೊಂದು ತರುವುದೇಕೆ?

ನೆಲಗಡಲೆಯನ್ನು ನೋಡಿ. ಮಾರುಕಟ್ಟೆಯಲ್ಲಿ ಅದು ಎಣ್ಣೆಕಾಳು. ಕುಟುಂಬದಿಂದ ತೊಗರಿ, ಅವರೆಗಳ ನೆಂಟ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಪಡೆಯುವ ಗುಣ ಅದಕ್ಕೂ ಇದೆ.

ಕುಟುಂಬವೊಂದೇ ಎಲ್ಲವನ್ನೂ ಹೇಳಲಾರದು, ನಿಜ. ಶುಂಠಿಯು ಬದನೆಗೆ ದೂರದ್ದು, ಏಕದಳ. ಆದರೂ ದುಂಡಾಣು ಸೊರಗು ಅದನ್ನೂ ಬಿಡುವುದಿಲ್ಲ. ಆದುದರಿಂದ ರೋಗದ ವಿಷಯದಲ್ಲಿ ತಜ್ಞರನ್ನು ವಿಚಾರಿಸಲೇಬೇಕು. ಆದರೆ ಮೊದಲ ಪ್ರಶ್ನೆ ಕುಟುಂಬದ್ದೇ ಆಗಿರಲಿ.

ಬೀಜದ ಪೊಟ್ಟಣದ ಮೇಲೆ ತಳಿಯ ಹೆಸರಿನೊಂದಿಗೆ ಕುಟುಂಬದ ಹೆಸರನ್ನೂ ಕನ್ನಡದಲ್ಲಿ ಅಚ್ಚು ಮಾಡಬೇಕು. ಇದನ್ನು ಮಾರುವವರಲ್ಲಿ ತಾವೇ ಕೇಳಬೇಕು. ಅಲ್ಲಿಯವರೆಗೆ ಒಂದು ನೋಟ್ ಪುಸ್ತಕದಲ್ಲಿ ಪ್ರತಿ ತಾಕಿನ ಬೆಳೆ, ಅದರ ಕುಟುಂಬ, ಬಂದ ರೋಗ ಇವನ್ನು ಬರೆದಿಡಿ. ಬರುವ ಹಂಗಾಮಿಗೆ ಬೀಜ ಕೊಳ್ಳುವ ಮುನ್ನ ಅದನ್ನೊಮ್ಮೆ ತೆರೆದು ನೋಡಿ.