ಕೆರೆ ದೊಡ್ಡದಾದ್ರೆ ಸಾಲದು, ತೂಬೂ ಸರಿ ಇರ್ಬೇಕು

ಸೆಮಿಸ್ಟರ್ ಶುರುವಾಗಿ ಎರಡು ವಾರ ಆಗೋಷ್ಟರಲ್ಲಿ ನಮ್ಮ ಕ್ಯಾಂಪಸ್‌ನಲ್ಲಿ ಎರಡು ಮಾತು ಕಿವಿಗೆ ಬೀಳುತ್ತವೆ. ಒಂದು, "ಸಿ ಡ್ರೈವ್ ಕೆಂಪಾಗಿದೆ ಮಗಾ." ಇನ್ನೊಂದು, "ಈ ಡಬ್ಬಾ ಇನ್ನು ಆಗಲ್ಲ, ಹೊಸ ಲ್ಯಾಪ್‌ಟಾಪ್ ಬೇಕು ಅಂತ ಮನೇಲಿ ಹೇಳ್ಬೇಕು." ಈ ಎರಡು ಮಾತಿನ ನಡುವೆ ಇರೋದು ಒಂದು ಸ್ಕ್ರೂಡ್ರೈವರ್‌ನಷ್ಟು ದೂರ ಮಾತ್ರ ಅನ್ನೋದು ನಮ್ಮ ವಾದ.

ನಮ್ಮಲ್ಲಿ ಬಹಳ ಜನ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಗಳಿಂದ ಬಂದವರು. ಕೈಯಲ್ಲಿರೋ ಲ್ಯಾಪ್‌ಟಾಪ್ ಅಣ್ಣ ಬಳಸಿ ಬಿಟ್ಟಿದ್ದು, ಇಲ್ಲಾ ಅಕ್ಕನಿಗೆ ಪದವಿ ಕಾಲೇಜಿನಲ್ಲಿ ಸರ್ಕಾರ ಉಚಿತವಾಗಿ ಕೊಟ್ಟಿದ್ದು, ಇಲ್ಲಾ ಬೆಂಗಳೂರಿನ ಎಸ್‌ಪಿ ರೋಡಿನಿಂದ ಸೆಕೆಂಡ್ ಹ್ಯಾಂಡ್ ತಂದಿದ್ದು. ಹೊಸದು ಅಂದ್ರೆ ಆ ವರ್ಷದ ಅಡಿಕೆ ದುಡ್ಡೋ ಈರುಳ್ಳಿ ದುಡ್ಡೋ ಅಲ್ಲಿಗೆ ಹೋಯ್ತು ಅಂತ ಲೆಕ್ಕ. ಈರುಳ್ಳಿ ರೇಟು ಬಿದ್ದ ವರ್ಷ ಇಎಂಐ ಕಟ್ಟೋರು ಯಾರು? ಆದ್ದರಿಂದ ಇದು ಬರೀ ಗ್ಯಾಜೆಟ್ ವಿಷಯ ಅಲ್ಲ, ಮನೆಯ ವಿಷಯ.

ಕಾಯಿಲೆ ಯಾವುದು?

ಜಾಗ ಸಾಲ್ತಿಲ್ಲ ಅನ್ನೋದು ಬೇರೆ, ಕಂಪ್ಯೂಟರ್ ನಿಧಾನ ಅನ್ನೋದು ಬೇರೆ. ನಾವು ಎರಡನ್ನೂ ಒಂದೇ ಗಂಟು ಕಟ್ಟಿ "ದೊಡ್ಡ ಹಾರ್ಡ್‌ಡಿಸ್ಕ್ ಹಾಕಿಸಿದ್ರೆ ಸರಿಹೋಗುತ್ತೆ" ಅಂದುಬಿಡ್ತೀವಿ. ಹೋಗಲ್ಲ.

ನಮ್ಮ ಜಿಲ್ಲೆಯವರಿಗೆ ಇದನ್ನ ಹೇಳೋಕೆ ಪಠ್ಯಪುಸ್ತಕ ಬೇಡ, ಮಾರಿಕಣಿವೆ ಸಾಕು. 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ ಸುಮಾರು 30 ಟಿಎಂಸಿ ನೀರು ಹಿಡಿಯುತ್ತೆ. 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಕೋಡಿ ಬೀಳೋಕೆ 2022 ಬರಬೇಕಾಯ್ತು, ಅಂದ್ರೆ 89 ವರ್ಷ. ಆದರೆ ಹಿರಿಯೂರಿನ ತೆಂಗಿನ ತೋಟದ ರೈತ ಅಣೆಕಟ್ಟಲ್ಲಿ ಎಷ್ಟು ನೀರಿದೆ ಅಂತ ಮಾತ್ರ ಕೇಳಲ್ಲ. ನಾಲೆಗೆ ಎಷ್ಟು ಬಿಡ್ತಾರೆ, ನಮ್ಮ ತೋಟಕ್ಕೆ ಯಾವಾಗ ಬರುತ್ತೆ ಅಂತಲೂ ಕೇಳ್ತಾನೆ. ಡಿಸ್ಕೂ ಹಾಗೇ. ಟಿಬಿ ಅನ್ನೋದು ಕೆರೆಯ ಅಳತೆ, ವೇಗ ಅನ್ನೋದು ತೂಬಿನ ಅಳತೆ.

ಲೆಕ್ಕ ಹಾಕೋಣ, ನಾವು ಎಂಜಿನಿಯರಿಂಗ್‌ನವರಲ್ವಾ! ಹಳೇ ಲ್ಯಾಪ್‌ಟಾಪ್‌ಗಳ ಹಾರ್ಡ್‌ಡಿಸ್ಕ್ ಸಾಮಾನ್ಯವಾಗಿ 5400 ಆರ್‌ಪಿಎಂ. ಅಂದ್ರೆ ಸೆಕೆಂಡಿಗೆ 90 ಸುತ್ತು, ಒಂದು ಸುತ್ತಿಗೆ 11.1 ಮಿಲಿಸೆಕೆಂಡ್. ಬೇಕಾದ ಜಾಗ ಹೆಡ್ ಕೆಳಗೆ ಬರೋಕೆ ಸರಾಸರಿ ಅರ್ಧ ಸುತ್ತು, ಅಂದ್ರೆ ಐದೂವರೆ ಮಿಲಿಸೆಕೆಂಡ್. ಅದಕ್ಕೆ ಮುಂಚೆ ಹೆಡ್ ಸರಿಯಾದ ಟ್ರ್ಯಾಕ್‌ಗೆ ಸರಿಯಬೇಕು, ಅದಕ್ಕೊಂದು ಹತ್ತು ಹನ್ನೊಂದು ಮಿಲಿಸೆಕೆಂಡ್. ಒಟ್ಟು ಹದಿನಾರು ಚಿಲ್ಲರೆ. ಅಲ್ಲಿಗೆ, ಅಲ್ಲಲ್ಲಿ ಚದುರಿರೋ ಸಣ್ಣ ಫೈಲುಗಳನ್ನ ಸೆಕೆಂಡಿಗೆ ಸುಮಾರು ಅರವತ್ತು ಸಲ ಮಾತ್ರ ಹುಡುಕೋಕೆ ಆಗುತ್ತೆ. ಎಸ್‌ಎಸ್‌ಡಿಯಲ್ಲಿ ತಿರುಗೋದೂ ಇಲ್ಲ, ಸರಿಯೋದೂ ಇಲ್ಲ. ಅದೇ ಕೆಲಸ ಸೆಕೆಂಡಿಗೆ ಸಾವಿರಗಟ್ಟಲೆ ಸಲ. ವಿಂಡೋಸ್ ಬೂಟ್ ಆಗೋದು, ಆಂಡ್ರಾಯ್ಡ್ ಸ್ಟುಡಿಯೋ ತೆರೆಯೋದು ಎಲ್ಲಾ ಇಂಥ ಸಣ್ಣ ಫೈಲುಗಳ ಮೆರವಣಿಗೆಯೇ. 500 ಜಿಬಿ ಹಾರ್ಡ್‌ಡಿಸ್ಕ್ ತೆಗೆದು 2 ಟಿಬಿ ಹಾರ್ಡ್‌ಡಿಸ್ಕ್ ಹಾಕಿದ್ರೆ ಆ ಅರವತ್ತು ಅರವತ್ತಾಗೇ ಇರುತ್ತೆ. ಕೆರೆ ನಾಲ್ಕು ಪಟ್ಟಾಯ್ತು, ತೂಬು ಹಳೇದೇ.

ಹಂಗಂತ ದೊಡ್ಡ ಹಾರ್ಡ್‌ಡಿಸ್ಕ್ ದಂಡ ಅಂತ ಅಲ್ಲ. ಲೆಕ್ಚರ್ ವಿಡಿಯೋ, ಸಿನಿಮಾ, ಮಂಜು ಬಿಟ್ಟು ಬೇರೇನೂ ಕಾಣದ ಜೋಗಿಮಟ್ಟಿ ಟ್ರಿಪ್ಪಿನ ನಲವತ್ತು ವಿಡಿಯೋ, ಇವಕ್ಕೆಲ್ಲ ಹಾರ್ಡ್‌ಡಿಸ್ಕ್ ಬೇಕಾದಷ್ಟಾಯ್ತು. ಒಂದೇ ಸಮನೆ ಓದೋ ದೊಡ್ಡ ಫೈಲಿಗೆ ಅದು ಸಾಕು. ಹಾಗಾಗಿ ನಮ್ಮ ಸಲಹೆ ಇಷ್ಟೇ: ಆಪರೇಟಿಂಗ್ ಸಿಸ್ಟಮ್ಮು, ಸಾಫ್ಟ್‌ವೇರು ಸಾಧಾರಣ ಗಾತ್ರದ ಎಸ್‌ಎಸ್‌ಡಿಯಲ್ಲಿರಲಿ. ಫೋಟೋ, ವಿಡಿಯೋ, ಹಳೇ ನೋಟ್ಸು ಹಾರ್ಡ್‌ಡಿಸ್ಕಿನಲ್ಲಿರಲಿ. ಡಿವಿಡಿ ಡ್ರೈವ್ ಇರೋ ಲ್ಯಾಪ್‌ಟಾಪ್ ಆದ್ರೆ ಅದನ್ನ ತೆಗೆದು, ಆ ಜಾಗದಲ್ಲಿ ಕ್ಯಾಡಿ ಹಾಕಿ ಹಳೇ ಹಾರ್ಡ್‌ಡಿಸ್ಕನ್ನೇ ಕೂರಿಸಬಹುದು. ಇಲ್ಲದಿದ್ರೆ ಯುಎಸ್‌ಬಿ ಕೇಸ್ ಹಾಕಿ ಹೊರಗಿಟ್ಟುಕೊಳ್ಳಬಹುದು. ಇದರ ಖರ್ಚು ಹೊಸ ಲ್ಯಾಪ್‌ಟಾಪ್ ಬೆಲೆಯ ಒಂದು ಸಣ್ಣ ಪಾಲು.

ಕೊಳ್ಳೋ ಮುಂಚೆ ಅಳತೆ ನೋಡಿ

ಹಳೇ ಕಂಪ್ಯೂಟರಿಗೆ ಎಷ್ಟು ದೊಡ್ಡ ಡಿಸ್ಕಾದ್ರೂ ಹಿಡಿಸುತ್ತೆ ಅಂತಿಲ್ಲ. ಮನೆ ನಂಬರಿಗೆ ಎರಡೇ ಅಂಕಿ ಜಾಗ ಇದ್ರೆ ನೂರನೇ ಮನೆಗೆ ಕಾಗದ ಹೋಗಲ್ಲ ಅಲ್ವಾ? ಡಿಸ್ಕಿನ ಕಥೆಯೂ ಅದೇ. ಹಿಂದೆ ಸೆಕ್ಟರ್ ನಂಬರಿಗೆ 28 ಬಿಟ್ ಇದ್ದಾಗ, 512 ಬೈಟಿನ ಸೆಕ್ಟರ್ ಲೆಕ್ಕದಲ್ಲಿ 137 ಜಿಬಿಗೆ ಗೋಡೆ ಬಂತು. ಅದನ್ನ 48 ಬಿಟ್‌ಗೆ ಏರಿಸಿ ದಾಟಿದರು. ಎಂಬಿಆರ್ ಪಾರ್ಟಿಶನ್ ಪಟ್ಟಿಯಲ್ಲಿ 32 ಬಿಟ್ ಇರೋದ್ರಿಂದ ಅಲ್ಲಿ 2.2 ಟಿಬಿಗೆ ಇನ್ನೊಂದು ಗೋಡೆ. ಇದನ್ನ ದಾಟೋಕೆ ಜಿಪಿಟಿ ಬೇಕು, ಅಂಥ ಡಿಸ್ಕಿನಿಂದ ವಿಂಡೋಸ್ ಬೂಟ್ ಆಗೋಕೆ ಯುಇಎಫ್‌ಐ ಬೇಕು. ಲ್ಯಾಬಿನ ಮೂಲೇಲಿರೋ ಹಳೇ ಡೆಸ್ಕ್‌ಟಾಪಿಗೆ 4 ಟಿಬಿ ಡಿಸ್ಕ್ ತರೋ ಮುಂಚೆ ಇದನ್ನ ನೋಡ್ಕೊಳ್ಳಿ.

ಲ್ಯಾಪ್‌ಟಾಪಿನಲ್ಲಿ ದಪ್ಪವೂ ಮುಖ್ಯ. ಒಳಗೆ ಕೂರೋದು ಸಾಮಾನ್ಯವಾಗಿ 7 ಇಲ್ಲಾ 9.5 ಮಿಲಿಮೀಟರ್ ಡಿಸ್ಕ್. ಎರಡೂವರೆ ಇಂಚಿನ 4, 5 ಟಿಬಿ ಹಾರ್ಡ್‌ಡಿಸ್ಕ್‌ಗಳು 15 ಮಿಲಿಮೀಟರ್ ಇರುತ್ತವೆ, ಒಳಗೆ ಹೋಗಲ್ಲ. ಎಂ.2 ಸ್ಲಾಟ್ ಇದ್ರೆ ಅದು ಸಾಟಾದೋ ಎನ್‌ವಿಎಂಇದೋ ಅಂತ ಮ್ಯಾನ್ಯುಯಲ್‌ನಲ್ಲಿ ನೋಡಿ. ಎರಡೂ ನೋಡೋಕೆ ಅಣ್ಣತಮ್ಮಂದಿರ ಹಾಗಿದ್ರೂ ಸಾಟಾ ಮಾತ್ರ ಗೊತ್ತಿರೋ ಸ್ಲಾಟು ಎನ್‌ವಿಎಂಇಯನ್ನ ಗುರುತಿಸಲ್ಲ. ಇನ್ನು ಆನ್‌ಲೈನ್‌ನಲ್ಲಿ ಕಾಸಿಗೊಂದು ಕೊಸರಿಗೊಂದು ಅನ್ನೋ ಹಾಗೆ ಸಿಗೋ "16 ಟಿಬಿ" ಪುಟಾಣಿ ಡ್ರೈವ್‌ಗಳನ್ನ ನಂಬಬೇಡಿ. ಒಳಗೆ ಸಣ್ಣ ಚಿಪ್ ಇಟ್ಟು, ಹೊರಗೆ ದೊಡ್ಡ ಗಾತ್ರ ತೋರಿಸೋ ಹಾಗೆ ಅದರ ಫರ್ಮ್‌ವೇರ್ ತಿದ್ದಿರ್ತಾರೆ. ಮೊದಲು ತುಂಬಿದ್ದು ಇರುತ್ತೆ, ಆಮೇಲೆ ಹಾಕಿದ್ದು ಗಾಳಿಗೆ. ಒಳ್ಳೇ 1 ಟಿಬಿ ಡಿಸ್ಕ್ ಮಾತ್ರ ವಿಂಡೋಸ್‌ನಲ್ಲಿ 931 ಜಿಬಿ ಅಂತ ತೋರಿಸಿದ್ರೆ ಗಾಬರಿ ಬೀಳಬೇಡಿ. ತಯಾರಿಸೋರು ಸಾವಿರದ ಲೆಕ್ಕ ಹಿಡೀತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತೆ, ಅಷ್ಟೇ.

ಒಂದೇ ಹೊಂಡ ನಂಬಬೇಡಿ

ಇಲ್ಲಿಯವರೆಗೆ ಹೇಳಿದ್ದು ದುಡ್ಡಿನ ಮಾತು. ದುಡ್ಡು ಹೋದ್ರೆ ಬರುತ್ತೆ. ಡಿಸ್ಕ್ ಬದಲಾಯಿಸುವಾಗ ನಿಜವಾಗಿ ಅಪಾಯದಲ್ಲಿರೋದು ಒಳಗಿರೋ ವಸ್ತು. ಊರಿನ ಅಂಗಡಿಯೊಂದಕ್ಕೆ ಲ್ಯಾಪ್‌ಟಾಪ್ ಕೊಟ್ಟು, "ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿದ್ದೀವಿ" ಅನ್ನೋ ಮಾತು ಕೇಳಿ ಫೈನಲ್ ಇಯರ್ ಪ್ರಾಜೆಕ್ಟ್ ಕಳ್ಕೊಂಡ ಸೀನಿಯರ್‌ಗಳು ನಮ್ಮ ನಡುವೆ ಇದ್ದಾರೆ. ಪ್ರಾಜೆಕ್ಟಾದ್ರೂ ಇನ್ನೊಂದು ಸಲ ಮಾಡಬಹುದು. ತೀರಿಹೋದ ಅಜ್ಜಿಯ ಫೋಟೋ ಇನ್ನೊಂದು ಸಲ ತೆಗೆಯೋಕೆ ಆಗುತ್ತಾ?

ನಮ್ಮ ಕೋಟೆಯನ್ನ ನೋಡಿ. ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಸಿಹಿನೀರು ಹೊಂಡ, ಕೆಳಗೆ ಊರಿನಲ್ಲಿ ಸಂತೆ ಹೊಂಡ. ಮಳೆ ನೀರನ್ನ ಒಂದೇ ದೊಡ್ಡ ಗುಂಡಿಯಲ್ಲಿ ತುಂಬಿ ಕೂರಲಿಲ್ಲ ಅವರು. ಮುತ್ತಿಗೆ ಬಿದ್ದಾಗ ಒಂದು ಕೆಟ್ಟರೆ ಇನ್ನೊಂದು ಇರಲಿ ಅನ್ನೋ ನಾಡಿಗೆ ಬ್ಯಾಕಪ್ ಪಾಠ ಹೊರಗಿನವರು ಹೇಳಬೇಕಾಗಿಲ್ಲ. ದೊಡ್ಡ ಡಿಸ್ಕ್ ಅಂದ್ರೆ ಬ್ಯಾಕಪ್ ಅಲ್ಲ. ಒಂದೇ ಕಡೆ ಹೆಚ್ಚು ಸಾಮಾನು ಇಟ್ಟ ಹಾಗೆ, ಕೆಟ್ಟರೆ ಹೆಚ್ಚು ನಷ್ಟ. ಎರಡು ಕಡೆಯಾದ್ರೂ ಇರಲಿ, ಅದರಲ್ಲೊಂದು ಹಾಸ್ಟೆಲ್‌ನಿಂದ ಹೊರಗಿರಲಿ.

ಡಿಸ್ಕ್ ಬಿಚ್ಚೋ ಮುಂಚೆ ಸ್ಮಾರ್ಟ್ ವರದಿ ನೋಡಿ, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಥರದ ಉಚಿತ ತಂತ್ರಾಂಶ ಸಾಕು. ಕೆಟ್ಟ ಸೆಕ್ಟರ್‌ಗಳ ಲೆಕ್ಕ ಏರ್ತಾ ಇದ್ರೆ ಮೊದಲು ಬೇಕಾದ ಫೈಲುಗಳನ್ನ ಹೊರಗೆ ತೆಗೀರಿ, ಕ್ಲೋನ್ ಮಾತು ಆಮೇಲೆ. ಬಿಟ್‌ಲಾಕರ್ ಹಾಕಿದ್ರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಸಮಯದ ಅಂದಾಜೂ ಇರಲಿ: 500 ಜಿಬಿ ಡೇಟಾ ಯುಎಸ್‌ಬಿ 2 ಮೂಲಕ ಹೋದ್ರೆ ನಾಲ್ಕು ಗಂಟೆ ಹಿಡಿಯುತ್ತೆ, ಯುಎಸ್‌ಬಿ 3 ಆದ್ರೆ ಒಂದೂವರೆ ಗಂಟೆ ಹತ್ತಿರ. ಜೋಗಿಮಟ್ಟಿ ಸುತ್ತ ಗಾಳಿಯಂತ್ರಗಳು ಎಷ್ಟೇ ಜೋರಾಗಿ ತಿರುಗ್ತಿದ್ರೂ ಕೆಳಗೆ ನಮಗೆ ಕರೆಂಟ್ ಹೋಗೋದು ಹೋಗುತ್ತೆ. ಬ್ಯಾಟರಿ ಸತ್ತಿರೋ ಲ್ಯಾಪ್‌ಟಾಪ್ ಆದ್ರೆ ಯುಪಿಎಸ್ ಇರೋ ಕಡೆ ಕೂತು ಈ ಕೆಲಸ ಮಾಡಿ.

ಕನ್ನಡ ಬಳಗದವರಾಗಿ ಇನ್ನೊಂದು ಮಾತು ಹೇಳಲೇಬೇಕು. ಮನೆಯ ಹಳೇ ಕಂಪ್ಯೂಟರಿನಲ್ಲಿ ನುಡಿ, ಬರಹದಲ್ಲಿ ಟೈಪ್ ಮಾಡಿದ ಹಳೇ ಫೈಲುಗಳು ಇರಬಹುದು. ಅಪ್ಪನ ಅರ್ಜಿ, ಸಂಘದ ಲೆಕ್ಕ, ಯಾರೋ ಬರೆದಿಟ್ಟ ನಾಟಕ. ಅವು ಯುನಿಕೋಡ್ ಬರುವ ಮುಂಚಿನ ಫಾಂಟಿನಲ್ಲಿದ್ರೆ, ಹೊಸ ಡಿಸ್ಕಿಗೆ ಫೈಲ್ ಮಾತ್ರ ಹೋಗಿ ಫಾಂಟ್ ಹೋಗದಿದ್ರೆ, ತೆರೆದಾಗ ಕಾಣೋದು ತಲೆಬುಡ ಇಲ್ಲದ ಇಂಗ್ಲಿಷ್ ಅಕ್ಷರ. ಏನೂ ತಿಳಿಯದವರು "ಫೈಲ್ ಕೆಟ್ಟಿದೆ" ಅಂತ ಅಳಿಸಿಬಿಡ್ತಾರೆ. ಅದು ಕೆಟ್ಟಿರಲ್ಲ. ಫಾಂಟನ್ನೂ ಜತೆಗೆ ಉಳಿಸಿ, ಆಮೇಲೆ ನಿಧಾನವಾಗಿ ಯುನಿಕೋಡ್‌ಗೆ ಪರಿವರ್ತಿಸಿ. ಜಾಗದ ಚಿಂತೆಯಂತೂ ಬೇಡ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕೋಡಿಗೆ ಮೂರು ಬೈಟ್ ಹಿಡಿದರೂ ಈ ಲೇಖನ 40 ಕೆಬಿ ಮೀರಲ್ಲ. 1 ಟಿಬಿ ಡಿಸ್ಕಿನಲ್ಲಿ ಇಂಥವು ಎರಡೂವರೆ ಕೋಟಿಗೂ ಹೆಚ್ಚು ಹಿಡಿಸುತ್ತವೆ. ಸಾಲದೇ ಬಂದಿರೋದು ಜಾಗ ಅಲ್ಲ, ನಮ್ಮ ಗಮನ.

ಎಲ್ಲಕ್ಕೂ ಇದೇ ಮದ್ದಾ?

ಅಲ್ಲ. ಸ್ಟೋರೇಜ್ ಚಿಪ್ಪನ್ನ ಬೋರ್ಡಿಗೇ ಬೆಸುಗೆ ಹಾಕಿರೋ ಲ್ಯಾಪ್‌ಟಾಪ್‌ಗಳಿವೆ, ಅವುಗಳಲ್ಲಿ ಬದಲಾಯಿಸೋಕೇ ಬರಲ್ಲ. ರ‍್ಯಾಮ್ 4 ಜಿಬಿ ಇದ್ದು ಏರಿಸೋಕೆ ಆಗದಿದ್ರೆ ಎಸ್‌ಎಸ್‌ಡಿ ಹಾಕಿದ್ರೂ ಒಂದು ಮಟ್ಟಕ್ಕಿಂತ ಮೇಲೆ ಹೋಗಲ್ಲ. ದೊಡ್ಡ ಸಿಮ್ಯುಲೇಶನ್ ಓಡಿಸಬೇಕು ಅನ್ನೋರಿಗೆ ಪ್ರೊಸೆಸರ್ ಬೇಕು, ಡಿಸ್ಕ್ ಏನು ಮಾಡೀತು? ಅಂಥವರು ಹೊಸದು ಕೇಳೋದು ತಪ್ಪಲ್ಲ.

"ವಿಂಡೋಸ್ 10 ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, 11 ನಮ್ಮದಕ್ಕೆ ಬರಲ್ಲ, ಹಳೇದಕ್ಕೆ ಯಾಕೆ ದುಡ್ಡು ಸುರಿಯೋದು?" ಅನ್ನೋರೂ ಇದ್ದಾರೆ. ಪ್ರಶ್ನೆ ಸರಿಯಾಗಿದೆ. ಆದರೆ ಒಂದು ಕಂಪನಿ ಬೆಂಬಲ ನಿಲ್ಲಿಸಿದ ದಿನ ಯಂತ್ರ ಸಾಯಲ್ಲ. ಲಿನಕ್ಸ್ ಹಾಕಿದ್ರೆ ಸಿ, ಪೈಥಾನ್, ವೆಬ್ ಕೆಲಸ ಎಲ್ಲಾ ನಡೆಯುತ್ತೆ, ಕನ್ನಡವನ್ನೂ ಆರಾಮಾಗಿ ಟೈಪ್ ಮಾಡಬಹುದು. ಜತೆಗೆ ಎಸ್‌ಎಸ್‌ಡಿ ಎಲ್ಲೂ ಹೋಗಲ್ಲ. ನಾಳೆ ಲ್ಯಾಪ್‌ಟಾಪ್ ಕೈಕೊಟ್ಟರೆ ಬಿಚ್ಚಿ ಇನ್ನೊಂದಕ್ಕೆ ಹಾಕಬಹುದು.

ಕಾಲೇಜಿನಿಂದ ನಾವು ಕೇಳೋದು

ಕಂಪ್ಯೂಟರ್ ಆರ್ಗನೈಸೇಶನ್‌ನಲ್ಲಿ ಡಿಸ್ಕಿನ ಚಿತ್ರ ಬರೆದು ಅಂಕ ತಗೊಂಡ ನಾವು, ಲ್ಯಾಪ್‌ಟಾಪ್ ತಳದ ಸ್ಕ್ರೂ ಬಿಚ್ಚೋಕೆ ಹೆದರ್ತೀವಿ. ಇದು ನಮ್ಮ ಮರ್ಯಾದೆ ಪ್ರಶ್ನೆ ಕೂಡ. ನಮ್ಮ ಬೇಡಿಕೆ ದೊಡ್ಡದಲ್ಲ. ಲ್ಯಾಬಿನಲ್ಲಿ ಒಂದು ಮೇಜು, ಒಂದು ಸೆಟ್ ಸ್ಕ್ರೂಡ್ರೈವರ್, ಎರಡು ಯುಎಸ್‌ಬಿ-ಸಾಟಾ ಕೇಬಲ್, ಯುಪಿಎಸ್ ಇರೋ ಒಂದು ಪ್ಲಗ್ಗು. ವಾರಕ್ಕೊಂದು ಮಧ್ಯಾಹ್ನ ಸೀನಿಯರ್‌ಗಳು ಕೂತು ಜೂನಿಯರ್‌ಗಳಿಗೆ ತೋರಿಸಿಕೊಡಲಿ. ಹೇಗೆ ಮಾಡೋದು ಅನ್ನೋ ನಾಲ್ಕು ಪುಟದ ಕೈಪಿಡಿ ಕನ್ನಡದಲ್ಲಿ ಬರೆಯೋ ಕೆಲಸ ಈ ಬಳಗಕ್ಕಿರಲಿ.

ಬಿಚ್ಚಿ ತೆಗೆದ ಹಳೇ ಡಿಸ್ಕ್‌ಗಳಿಗೂ ಒಂದು ಪೆಟ್ಟಿಗೆ ಇರಲಿ. ಚೆನ್ನಾಗಿರೋದನ್ನ ಪೂರ್ತಿ ಅಳಿಸಿ ಬೇಕಾದವರಿಗೆ ಕೊಡೋಣ, ಸತ್ತಿರೋದನ್ನ ಗುಜರಿಗೆ ಹಾಕದೆ ನೋಂದಾಯಿತ ಮರುಬಳಕೆದಾರರಿಗೆ ಕಳಿಸೋಣ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರೋ ಇ-ತ್ಯಾಜ್ಯ ನಿಯಮ ಹೇಳೋದೂ ಅದನ್ನೇ.

ಈ ವಾರ ಊರಿಗೆ ಹೋದಾಗ ಹೊಸ ಲ್ಯಾಪ್‌ಟಾಪ್ ಮಾತು ಎತ್ತೋ ಮುಂಚೆ ಹಳೇದನ್ನ ಒಮ್ಮೆ ಮಗುಚಿ ಹಾಕಿ, ತಳದಲ್ಲಿರೋ ಮಾಡೆಲ್ ನಂಬರ್ ಬರ್ಕೊಂಡು ಬನ್ನಿ. ಕೆರೆ ಸಣ್ಣದಾ, ತೂಬು ಕಟ್ಟಿದೆಯಾ ಅಂತ ಕೂತು ನೋಡೋಣ. ಮಿಕ್ಕಿದ ದುಡ್ಡಿಗೆ ಮನೇಲಿ ಬೇರೆ ಕೆಲಸ ಇದ್ದೇ ಇರುತ್ತೆ.