ಯಾವ ಗಾಳಿಗೆ ತೂರಬೇಕು?

ಕಳೆದ ಸಂಚಿಕೆಯಲ್ಲಿ ದೆಹಲಿಯ ಬೇಸಗೆಯನ್ನೂ ನೀರಿನ ಟ್ಯಾಂಕರನ್ನೂ ಕುರಿತು ಅಷ್ಟುದ್ದಕ್ಕೆ ಗೊಣಗಿದ್ದೆವಷ್ಟೆ. ಅದನ್ನೋದಿದ ಹಿರಿಯರೊಬ್ಬರು ಸಂಘದ ಗಣೇಶೋತ್ಸವದ ಪಂಕ್ತಿಯಲ್ಲಿ ನಮ್ಮ ಪಕ್ಕಕ್ಕೇ ಬಂದು ಕುಳಿತು, "ಸ್ವಾಮಿ, ಮುಂದಿನ ಸಲವಾದರೂ ಸ್ವಲ್ಪ ತಂಪಾದ ವಿಷಯ ಬರೆಯಿರಿ" ಎಂದು ಅಪ್ಪಣೆ ಕೊಡಿಸಿದರು. ಆಗಲಿ. ಈ ಸಲದ್ದು ತಂಪಾದ ವಿಷಯವೇ. ಎಷ್ಟು ತಂಪೆಂದರೆ, ನೆನೆದರೆ ಈಗಲೂ ನಮ್ಮ ಅಂಗೈ ತಣ್ಣಗಾಗುತ್ತದೆ.

ನಮ್ಮ ಮೊಮ್ಮಗಳು ಎರಡು ವರ್ಷದಿಂದ ನಮ್ಮಲ್ಲೇ ಇದ್ದುಕೊಂಡು ಇಲ್ಲಿನ ಕಾಲೇಜಿನಲ್ಲಿ ಓದುತ್ತಿದ್ದಾಳೆ. ತಂದೆತಾಯಿಗಳು ಪುಣೆಯಲ್ಲಿ. ಅಂದರೆ ಈ ಹುಡುಗಿ ನಮ್ಮ ಪಾಲಿಗೆ ಮೊಮ್ಮಗಳು ಹೇಗೋ ಹಾಗೆಯೇ ಬೇರೆಯವರು ನಂಬಿ ಒಪ್ಪಿಸಿಹೋದ ಒಡವೆಯೂ ಹೌದು. ದಸರೆಯ ರಜಕ್ಕೆ ಎಲ್ಲಿಗೆ ಹೋಗೋಣವೆಂದು ಕೇಳಿದರೆ ಅವಳು ಥಟ್ಟನೆ, "ತಾತ, ಬೀರ್‌ಗೆ ಹೋಗೋಣ" ಎಂದಳು. ದೇವರ ಮನೆಯಲ್ಲಿ ಬತ್ತಿ ಹೊಸೆಯುತ್ತಿದ್ದ ನಮ್ಮ ಮನೆಯವರು ಅಲ್ಲಿಂದಲೇ, "ಏನಂದಳು ಅವಳು? ಹೆಣ್ಣುಮಗಳ ಬಾಯಲ್ಲಿ ಎಂಥ ಮಾತು!" ಎಂದು ಕೂಗಿಕೊಂಡರು. ಅದು ಕುಡಿಯುವ ಪದಾರ್ಥವಲ್ಲ, ಹಿಮಾಚಲ ಪ್ರದೇಶದ ಒಂದು ಊರು ಎಂದು ತಿಳಿಯಹೇಳುವ ವೇಳೆಗೆ ಸಾಕುಸಾಕಾಯಿತು. ಆ ಊರಲ್ಲಿ ಮಾಡಬೇಕಾದ ಕೆಲಸವೆಂದರೆ ಬೆಟ್ಟದ ಮೇಲಿಂದ ಬಟ್ಟೆಯ ರೆಕ್ಕೆ ಕಟ್ಟಿಕೊಂಡು ಹಾರುವುದು ಎಂದು ತಿಳಿದ ಮೇಲೆ, ಮೊದಲಿನ ಅರ್ಥವೇ ವಾಸಿಯಾಗಿತ್ತು ಎಂದು ಅವರಿಗೆ ಅನ್ನಿಸಿತೋ ಏನೋ.

ದೆಹಲಿಯಿಂದ ಸುಮಾರು 500 ಕಿಲೋಮೀಟರು. ರಾತ್ರಿ ಬಸ್ಸು ಹತ್ತಿದರೆ ಬೆಳಗಿಗೆ ಕಾಂಗ್ರಾ ಕಣಿವೆ. ಊರ ಬೆನ್ನಿಗೆ ಧೌಲಾಧಾರ್ ಪರ್ವತಶ್ರೇಣಿ ಗೋಡೆಯಂತೆ ನಿಂತಿದೆ. ಕೆಳಗೆ ಸುಮಾರು 1,400 ಮೀಟರ್ ಎತ್ತರದಲ್ಲಿ ಬೀರ್. ಅಲ್ಲಿಂದ 14 ಕಿಲೋಮೀಟರು ಸುತ್ತುದಾರಿಯಲ್ಲಿ ಹತ್ತಿದರೆ 2,400 ಮೀಟರ್ ಎತ್ತರದಲ್ಲಿ ಬಿಲ್ಲಿಂಗ್ ಎಂಬ ಹುಲ್ಲುಬಯಲು. ಹಾರುವುದು ಬಿಲ್ಲಿಂಗಿನಿಂದ, ಇಳಿಯುವುದು ಬೀರಿನಲ್ಲಿ. ನಡುವೆ ಬರಿಯ ಗಾಳಿ. ಹತ್ತಿರದಲ್ಲೇ ಬೈಜನಾಥನ ಪುರಾತನ ಶಿವಾಲಯವಿದೆ. 1204ನೆಯ ಇಸವಿಯ ಕಟ್ಟಡವೆಂದು ಶಾಸನ ಹೇಳುತ್ತದೆ. ಬೀರಿನಲ್ಲೇ 1960ರ ದಶಕದಲ್ಲಿ ನೆಲೆಸಿದ ಟಿಬೆಟಿನ ನಿರಾಶ್ರಿತರ ವಸತಿಯೂ ಮಠಗಳೂ ಇವೆ. ನಮ್ಮ ಬೈಲಕುಪ್ಪೆಯನ್ನು ನೋಡಿದವರಿಗೆ ಆ ಬಣ್ಣದ ಪತಾಕೆಗಳೂ ಬೆಣ್ಣೆದೀಪದ ವಾಸನೆಯೂ ಹೊಸದಲ್ಲ.

ಪ್ಯಾರಾಗ್ಲೈಡಿಂಗ್ ಎಂದರೇನೆಂದು ಕೆಲವರಿಗಾದರೂ ಕುತೂಹಲವಿರಬಹುದು. ಪ್ಯಾರಾಚೂಟಿನ ಕೆಲಸ ಬೀಳುವವನನ್ನು ನಿಧಾನವಾಗಿ ಬೀಳಿಸುವುದು. ಇದರ ಕೆಲಸ ಹಾಗಲ್ಲ. ಎರಡು ಪದರ ನೈಲಾನ್ ಬಟ್ಟೆಯನ್ನು ಉದ್ದನೆಯ ಚೀಲಗಳ ಸಾಲಾಗಿ ಹೊಲಿದಿರುತ್ತಾರೆ. ಚೀಲಗಳ ಬಾಯಿ ಮುಂಭಾಗಕ್ಕೆ ತೆರೆದಿರುತ್ತದೆ. ಓಡಿದಾಗ ಗಾಳಿ ಒಳಗೆ ನುಗ್ಗಿ ಚೀಲಗಳು ಉಬ್ಬಿ, ಬಟ್ಟೆಯ ಮುದ್ದೆಯಾಗಿದ್ದದ್ದು ಹಕ್ಕಿಯ ರೆಕ್ಕೆಯ ಆಕಾರ ತಾಳುತ್ತದೆ. ಕೋಲಿಲ್ಲ, ಕಬ್ಬಿಣವಿಲ್ಲ, ಯಂತ್ರವಿಲ್ಲ. ಗಾಳಿಯೇ ಅದರ ಎಲುಬು. ಡೊಮಿನಾ ಜಾಲ್ಬರ್ಟ್ ಎಂಬಾತ ಅಮೆರಿಕದಲ್ಲಿ 1964ರಲ್ಲಿ ಈ ಬಗೆಯ ರೆಕ್ಕೆಯನ್ನು ರೂಪಿಸಿದ. 1978ರಲ್ಲಿ ಫ್ರಾನ್ಸಿನ ಮಿಯುಸ್ಸಿ ಎಂಬ ಬೆಟ್ಟದೂರಿನಲ್ಲಿ ಮೂವರು ಗೆಳೆಯರು, ವಿಮಾನದಿಂದ ಧುಮುಕುವ ಖರ್ಚು ಉಳಿಸುವುದಕ್ಕೋಸ್ಕರ, ಬೆಟ್ಟದ ಇಳಿಜಾರಿನಲ್ಲಿ ಓಡಿ ಹಾರಿ ನೋಡಿದರು. ಆಟ ಹುಟ್ಟಿದ್ದು ಹಾಗೆ. ಜಿಪುಣತನದಿಂದಲೂ ಲೋಕೋಪಕಾರವಾಗುವುದುಂಟೆಂಬುದಕ್ಕೆ ಇದೊಂದು ನಿದರ್ಶನ. ನಮ್ಮ ಮನೆಯವರು ಇದನ್ನು ಗಮನಿಸಬೇಕು.

ಬೀರೇ ಯಾಕೆ? ಬಿಸಿಲು ದಕ್ಷಿಣಕ್ಕೆ ಮುಖಮಾಡಿದ ಬೆಟ್ಟದ ಮೈಯನ್ನು ಕಾಯಿಸುತ್ತದೆ. ಕಾದ ನೆಲಕ್ಕೆ ತಾಗಿದ ಗಾಳಿ ಹಗುರಾಗಿ ಮೇಲಕ್ಕೇಳುತ್ತದೆ. ಅಂಥ ಗಾಳಿಯ ಕಂಬವೊಂದನ್ನು ಹಿಡಿದು ಸುತ್ತಿದರೆ ರೆಕ್ಕೆ ಇಳಿಯುವ ಬದಲು ಏರುತ್ತದೆ. ಆ ಕಂಬ ಕಣ್ಣಿಗೆ ಕಾಣದು. ಹದ್ದುಗಳೂ ಹಿಮಾಲಯದ ದೊಡ್ಡ ರಣಹದ್ದುಗಳೂ ರೆಕ್ಕೆ ಬಡಿಯದೆ ಎಲ್ಲಿ ಸುತ್ತುತ್ತಿವೆಯೋ ಅಲ್ಲಿ ಅದಿದೆಯೆಂದು ತಿಳಿಯಬೇಕು. ಬಲ್ಲವರು ಹೀಗೆ ಕಂಬದಿಂದ ಕಂಬಕ್ಕೆ ದಾಟುತ್ತ ಶ್ರೇಣಿಯುದ್ದಕ್ಕೂ ಹತ್ತಾರು ಮೈಲಿ ಹೋಗಿಬರುತ್ತಾರಂತೆ. 1980ರ ದಶಕದಲ್ಲಿ ಹ್ಯಾಂಗ್‌ಗ್ಲೈಡರ್ ತಂದ ವಿದೇಶೀಯರಿಂದ ಇಲ್ಲಿನ ಹಾರಾಟ ಆರಂಭವಾಯಿತು. 2015ರಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ಪಿನ ಸ್ಪರ್ಧೆ ಇಲ್ಲಿ ನಡೆಯಿತು, 2024ರಲ್ಲಿ ಮತ್ತೊಮ್ಮೆ.

ಆದರೆ ನಮ್ಮ ಮನಸ್ಸು ಹಿಡಿದದ್ದು ವಿಶ್ವಕಪ್ಪಲ್ಲ, ನಮ್ಮ ಪಾಲಿಗೆ ಬಂದ ಪೈಲಟ್ ಹುಡುಗ. ಮೂವತ್ತರ ಒಳಗಿನ ಪ್ರಾಯ. ತಂದೆ ಗದ್ದಿ ಕುರುಬ. ಉಣ್ಣೆಯ ಚೋಲಾ ತೊಟ್ಟು, ಸೊಂಟಕ್ಕೆ ಉಣ್ಣೆಹಗ್ಗ ಸುತ್ತಿ, ಬೇಸಗೆಯಲ್ಲಿ ಕುರಿಮಂದೆಯನ್ನು ಥಮ್ಸರ್ ಕಣಿವೆ ದಾಟಿಸಿ ಬಡಾ ಭಂಗಾಲದ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗುವವರು ಇವರು. ಅಣ್ಣ ದೆಹಲಿಯ ಹೋಟಲೊಂದರಲ್ಲಿದ್ದಾನಂತೆ. "ನಾನೂ ಅಲ್ಲಿಗೇ ಹೋಗಬೇಕಾಗಿತ್ತು ಅಂಕಲ್‌ಜೀ, ಈ ರೆಕ್ಕೆ ನನ್ನನ್ನು ಊರಲ್ಲೇ ಇಟ್ಟಿತು" ಎಂದ. ಹಾರುವ ರೆಕ್ಕೆ ಒಬ್ಬನನ್ನು ಊರಲ್ಲೇ ಕೂರಿಸುವುದೆಂದರೆ! ನಮಗೆ ಬೇಡವೆಂದರೂ ನಮ್ಮವರ ನೆನಪಾಯಿತು. ಕರಾವಳಿಯಿಂದ ಮುಂಬಯಿಗೆ ಬಂದು, ಹಗಲು ಹೋಟಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತ ಹುಡುಗರು ಎಷ್ಟು ಮಂದಿ! ಅವರಲ್ಲಿ ಹಲವರು ಮುಂದೆ ಬಂದರು, ನಿಜ. ಆದರೆ ಊರಲ್ಲೇ ಅನ್ನವಿದ್ದಿದ್ದರೆ ಅವರಲ್ಲಿ ಎಷ್ಟು ಮಂದಿ ಗಾಡಿ ಹತ್ತುತ್ತಿದ್ದರು? ಊರು ಬಿಟ್ಟವರೆಲ್ಲ ಸೇರಿ ನಡೆಸುವ ಈ ಪತ್ರಿಕೆಯಲ್ಲಿ ಈ ಪ್ರಶ್ನೆಯನ್ನು ಕೇಳದೆ ಇನ್ನೆಲ್ಲಿ ಕೇಳುವುದು?

ಇನ್ನು ನಡೆದ ಸಂಗತಿ. ಮೊದಲ ದಿನ ಮಧ್ಯಾಹ್ನ ಜೀಪಿನಲ್ಲಿ ಬಿಲ್ಲಿಂಗ್ ಹತ್ತಿದೆವು. ಹಿಂದಿನ ರಾತ್ರಿಯೇ ಪುಣೆಗೆ ಫೋನು ಮಾಡಿ ಮಗನ ಅಭಿಪ್ರಾಯ ಕೇಳಿದ್ದೆವು. ಅವನು ಬಹಳ ಹೊತ್ತು ಸುಮ್ಮನಿದ್ದು, "ನೀವೇ ಅಲ್ಲಿದ್ದೀರಲ್ಲ ಅಪ್ಪ, ನೋಡಿ ಮಾಡಿ" ಎಂದುಬಿಟ್ಟ. ಬೇಡವೆಂದಿದ್ದರೆ ಎಷ್ಟು ಹಗುರಾಗಿತ್ತು! ಹುಡುಗಿಗೆ ಶಿರಸ್ತ್ರಾಣ ತೊಡಿಸಿದರು, ಎದೆಗೂ ತೊಡೆಗಳಿಗೂ ಪಟ್ಟಿ ಬಿಗಿದರು. ನಮ್ಮ ಮನೆಯವರು ಒಂದೊಂದು ಕೊಂಡಿಯನ್ನೂ ಕುಕ್ಕರಿನ ಮುಚ್ಚಳ ನೋಡುವಂತೆ ಎಳೆದೆಳೆದು ನೋಡಿದರು. ರೆಕ್ಕೆಯನ್ನು ಹುಲ್ಲಿನ ಮೇಲೆ ಹಾಸಿಯಾಗಿತ್ತು. ಅಷ್ಟರಲ್ಲಿ ಆ ಪೈಲಟ್ ನಿಂತ. ಗಾಳಿಚೀಲವನ್ನು ನೋಡಿದ. ಬಗ್ಗಿ ನಾಲ್ಕು ಎಸಳು ಹುಲ್ಲು ಕಿತ್ತು ಮೇಲಕ್ಕೆ ತೂರಿದ. ಅವು ನಮ್ಮ ಮುಖಕ್ಕೆ ಬರಬೇಕಾದದ್ದು, ಬೆನ್ನ ಕಡೆಯಿಂದ ಕಣಿವೆಗೆ ಹಾರಿಹೋದವು. ಹಿಂದೆ ಶಿಖರದ ಮೇಲೆ ಹೂಕೋಸಿನಂತೆ ಮೋಡ ಬೆಳೆಯುತ್ತಿತ್ತು. ಹತ್ತು ನಿಮಿಷ ಕಾದ. ಮತ್ತೆ ತೂರಿದ. ಆಮೇಲೆ ಸದ್ದಿಲ್ಲದೆ ರೆಕ್ಕೆಯನ್ನು ಮಡಿಸತೊಡಗಿ, "ಇವತ್ತು ಇಲ್ಲ" ಎಂದ.

ಹುಡುಗಿಯ ಕಣ್ಣಲ್ಲಿ ನೀರು. ಮಾರನೆಯ ರಾತ್ರಿಗೇ ನಮ್ಮ ಹಿಂದಿರುಗುವ ಬಸ್ಸು. ಅಷ್ಟರಲ್ಲಿ ಪಕ್ಕದಲ್ಲಿದ್ದ ಇನ್ನೊಬ್ಬಾತ, "ನಾನು ಕರೆದುಕೊಂಡು ಹೋಗುತ್ತೇನೆ, ಐದು ನಿಮಿಷ ಗಾಳಿ ತಿರುಗಿದರೆ ಸಾಕು" ಎಂದ. ಅವನ ಹಿಂದೆ ಮೂರು ನಾಲ್ಕು ಜನ ಸಾಲು ನಿಂತಿದ್ದರು. "ತಾತ, ಅವರೆಲ್ಲ ಹೋಗುತ್ತಿದ್ದಾರೆ, ನೀವು ಹೂಂ ಅನ್ನಿ" ಎಂದು ಮೊಮ್ಮಗಳು ನಮ್ಮ ತೋಳು ಹಿಡಿದಳು. ಓದುಗರ ಮುಂದೆ ಮುಚ್ಚಿಡುವುದೇನು, ನಾವು ಹೂಂ ಎನ್ನುವುದರಲ್ಲಿದ್ದೆವು. ಧೈರ್ಯದಿಂದಲ್ಲ, ಅವಳ ಕಣ್ಣೀರು ನೋಡಲಾರದೆ, ಕೊಟ್ಟ ಮೂರು ಸಾವಿರ ರೂಪಾಯಿಯ ಆಸೆಯಿಂದ, ನಾಲ್ಕು ಜನ ಹೋಗುವಾಗ ನಮಗೇನು ಎಂಬ ಸೋಮಾರಿತನದಿಂದ. ನಮ್ಮ ಮನೆಯವರು ಮಾತ್ರ ಅವಳ ಕೈ ಬಿಡಿಸಿ, "ಬಲ್ಲವನು ಬೇಡ ಅಂದಮೇಲೆ ಮುಗಿಯಿತು. ನಡೀರೀಂದ್ರೆ ಜೀಪಿಗೆ" ಎಂದರು.

ಕಥೆಯಾಗಿದ್ದರೆ ಇಲ್ಲಿ ಆ ಹಾರಿದವರಿಗೆ ಏನಾದರೂ ಆಗಬೇಕಾಗಿತ್ತು. ಏನೂ ಆಗಲಿಲ್ಲ. ನಾವು ಕೆಳಗಿಳಿಯುವ ಮೊದಲೇ ಅವರೆಲ್ಲ ಸುಖವಾಗಿ ಇಳಿದು ಚಹಾ ಕುಡಿಯುತ್ತಿದ್ದರು. "ನೋಡಿದಿರಾ, ಏನೂ ಆಗಲಿಲ್ಲ" ಎಂದಳು ಹುಡುಗಿ. ರಾತ್ರಿಯ ಊಟದಲ್ಲಿ ಮತ್ತೆ ಮಾತಿಲ್ಲ. ನಮಗೂ ಉತ್ತರ ತೋಚಲಿಲ್ಲ. ನಿದ್ರೆ ಬಾರದೆ ಫೋನಿನಲ್ಲಿ ಏನೇನೋ ಓದುತ್ತಿದ್ದಾಗ, 2007ರಲ್ಲಿ ಆಸ್ಟ್ರೇಲಿಯದಲ್ಲಿ ನಡೆದುದೊಂದು ಕಣ್ಣಿಗೆ ಬಿತ್ತು. ಏವಾ ವಿಶ್ನಿಯೆರ್ಸ್ಕಾ ಎಂಬ ನುರಿತ ಹಾರಾಟಗಾರ್ತಿಯನ್ನು ಗುಡುಗುಮೋಡವೊಂದು ಒಳಕ್ಕೆಳೆದು 9,900 ಮೀಟರಿಗೂ ಮೇಲಕ್ಕೆ, ಎವರೆಸ್ಟಿಗಿಂತ ಎತ್ತರಕ್ಕೆ, ಕೊಂಡೊಯ್ದಿತು. ಆಕೆ ಪ್ರಜ್ಞೆ ತಪ್ಪಿ, ಮೈಮೇಲೆ ಮಂಜುಗಟ್ಟಿ, ಹೇಗೋ ಬದುಕಿ ಇಳಿದರು. ಅದೇ ಮೋಡಕ್ಕೆ ಸಿಕ್ಕ ಚೀನದ ಹಾರಾಟಗಾರ ಬದುಕಲಿಲ್ಲ.

ಆಗ ನಮಗೆ ನಮ್ಮ ತಾತ ನೆನಪಾದರು. ಸುಗ್ಗಿಯ ಕಣದಲ್ಲಿ ರಾಶಿ ತೂರುವ ದಿನ ಮೊರ ಹಿಡಿದ ಆಳುಗಳು ಸಿದ್ಧರಾಗಿ ನಿಂತಿದ್ದರೂ ಅವರು ಅಪ್ಪಣೆ ಕೊಡುತ್ತಿರಲಿಲ್ಲ. ಒಂದು ಹಿಡಿ ಹೊಟ್ಟು ಮೇಲಕ್ಕೆ ಬಿಟ್ಟು ನೋಡುವರು. ಗಾಳಿ ಸಾಲದಿದ್ದರೆ ಕಾಯುವರು, ಸುಳಿಗಾಳಿಯಾದರೆ ರಾಶಿಗೆ ಗೋಣಿ ಹೊದಿಸಿ ಮನೆಗೆ ಬರುವರು. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ನಾವು ಪೇಟೆಗೆ ಬಂದವರು, ಅವಕಾಶ ಸಿಕ್ಕಿದಾಗ ಬಾಚಿಕೋ ಎಂದು ಅರ್ಥಮಾಡಿಕೊಂಡಿದ್ದೇವೆ. ಕಣದಲ್ಲಿ ನಿಂತವನಿಗೆ ಅದರ ಅರ್ಥ ಬೇರೆ: ತೂರುವ ಗಾಳಿ ಬರುವ ತನಕ ಕಾಯಿ. ಕೆಟ್ಟ ಗಾಳಿಗೆ ತೂರಿದವನಿಗೆ ಒಂದು ವರ್ಷ ಏನೂ ಆಗದಿರಬಹುದು. ಅದರಿಂದ ಆ ಗಾಳಿ ಒಳ್ಳೆಯದೆಂದಾಗಲಿಲ್ಲ.

ಮಾರನೆಯ ಬೆಳಿಗ್ಗೆ ಆಕಾಶ ತೊಳೆದಿಟ್ಟ ಕಂಚಿನ ತಟ್ಟೆಯಂತಿತ್ತು. ಅದೇ ಹುಡುಗ, ಅದೇ ಹುಲ್ಲಿನ ಎಸಳು. ಈ ಸಲ ಅವು ನಮ್ಮ ಮುಖಕ್ಕೇ ಬಂದವು. "ಓಡುತ್ತಲೇ ಇರಬೇಕು, ನಡುವೆ ಕೂರಬಾರದು" ಎಂದು ಮೊಮ್ಮಗಳಿಗೆ ಮೂರು ಸಲ ಹೇಳಿಸಿ ಒಪ್ಪಿಸಿಕೊಂಡ. ಆರೇಳು ಹೆಜ್ಜೆ, ಆಮೇಲೆ ಅವಳ ಕಾಲ ಕೆಳಗೆ ನೆಲವಿರಲಿಲ್ಲ. ನಮ್ಮ ಮನೆಯವರು ಕಣ್ಣು ಮುಚ್ಚಲಿಲ್ಲ, ಮುಚ್ಚಿದವರು ನಾವು. ತೆರೆದಾಗ ಎರಡು ರಣಹದ್ದುಗಳ ಪಕ್ಕದಲ್ಲಿ ಕಿತ್ತಳೆ ಬಣ್ಣದ ರೆಕ್ಕೆಯೊಂದು ಸುತ್ತುತ್ತ ಏರುತ್ತಿತ್ತು, ಮೇಲಿಂದ ಅವಳ ನಗು ಸಣ್ಣಗೆ ಕೇಳಿಸುತ್ತಿತ್ತು. ಬೀರಿಗೆ ಇಳಿದು ಬಂದ ನಾವು ಅವಳನ್ನು ಕಂಡಾಗ, ಅವಳು ಪೈಲಟಿಗೆ ಕೈಮುಗಿದು, ನೆನ್ನೆಯ ಸಿಟ್ಟಿಗೆ ಕ್ಷಮೆ ಕೇಳುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ.

ಹೋಗಬೇಕೆಂದಿರುವ ಓದುಗರಿಗೆ ನಾಲ್ಕು ಮಾತು. ಈ ಆಟದಲ್ಲಿ ಅಪಘಾತಗಳು ಆಗಿವೆ, ಜೀವ ಹೋದದ್ದೂ ಇದೆ. ಪಟ್ಟಿ ಸರಿಯಾಗಿ ಬಿಗಿಯದೆ ಆದದ್ದೂ ಇದೆ. ಹಿಮಾಚಲದಲ್ಲಿ ಇದಕ್ಕೆ ನಿಯಮಗಳಿವೆ. ಪೈಲಟಿಗೆ ನೋಂದಣಿ ಬೇಕು. ಮಳೆಗಾಲದಲ್ಲಿ ಜುಲೈ 15ರಿಂದ ಸೆಪ್ಟೆಂಬರ್ 15ರ ತನಕ ಹಾರಾಟಕ್ಕೆ ನಿಷೇಧವಿದೆ. ನೋಂದಣಿಯ ಚೀಟಿ ಕೇಳಲು ಸಂಕೋಚ ಬೇಡ. ಆಪತ್ಕಾಲದ ಎರಡನೆಯ ಪ್ಯಾರಾಚೂಟು ಉಂಟೇ ಎಂದು ಕೇಳಿ. ತೊಡೆಯ ಪಟ್ಟಿಗಳನ್ನು ನೀವೇ ಎಳೆದು ನೋಡಿ. ಹೋಗುವಾಗ ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಹೋಗಿ. ಬಸ್ಸಿನ ಟಿಕೆಟ್ಟು ಗಾಳಿಯನ್ನು ತಿರುಗಿಸಲಾರದು. ಯಾರಾದರೂ "ಇವತ್ತು ಇಲ್ಲ" ಎಂದರೆ, ಅವನನ್ನೇ ಮಾರನೆಯ ದಿನಕ್ಕೆ ಗೊತ್ತುಮಾಡಿ.

ಸಂಜೆ ಬಸ್ಸು ಹತ್ತುವ ಮೊದಲು ಪುಣೆಗೆ ಫೋನು ಮಾಡಿದೆವು. ಮಗ ಒಂದೇ ಗಂಟೆಯಲ್ಲಿ ತೆಗೆದುಕೊಂಡ. ಬೆಳಗಿನಿಂದ ಫೋನನ್ನು ಕೈಯಲ್ಲೇ ಹಿಡಿದು ಕೂತಿದ್ದನೆಂದು ಆಮೇಲೆ ಸೊಸೆ ಹೇಳಿದಳು. ಬಸ್ಸು ಹೊರಟ ಮೇಲೆ ನಮ್ಮ ಮನೆಯವರು ಮೆಲ್ಲಗೆ, "ಏನೂಂದ್ರೆ, ಆ ಹುಡುಗ ಎಷ್ಟು ವಯಸ್ಸಿನವರೆಗೆ ಕರೆದುಕೊಂಡು ಹೋಗುತ್ತಾನಂತೆ?" ಎಂದು ಕೇಳಿದರು. ನಾವು ನಿದ್ರೆ ಬಂದವರಂತೆ ಸುಮ್ಮನಿದ್ದೆವು. ಹಾರುವ ಕಾಲ ಮತ್ತೆ ಮಾರ್ಚಿಯಲ್ಲಿ ಶುರುವಂತೆ. ಅಷ್ಟರೊಳಗೆ ಏನಾಗುತ್ತದೆಂಬುದನ್ನು ಮುಂದಿನ ಜಗಲಿಯಲ್ಲಿ ನೋಡೋಣ.